ಕಿಟಕಿ ಇಲ್ಲದ 8×12 ಅಡಿ ಸೀರೆ ಕೋಣೆ: ಇಕ್ಕಟ್ಟು ಕಾಣದ ಹಾಗೆ ಲೈಟ್ ಹೇಗೆ ಹಾಕೋದು?

(ಅಂಗಡಿಯವರ ಪ್ರಶ್ನೆ, ಮೂವರ ಉತ್ತರ. ಪ್ರತಿ ಬರಹದ ಮೇಲಿರೋದು ಬರೆದವರ ಅಡ್ಡಹೆಸರು.)

ಗಾದಿ ಅಂಗಡಿ, ಚೌಕಿಪೇಟೆ

ದಾವಣಗೆರೆ ಚೌಕಿಪೇಟೆಯ ಅಂಗಡಿ. ಮದುವೆ ಸೀರೆ ತೋರಿಸೋಕೆ ಹಿಂದೊಂದು ಒಳಕೋಣೆ ಇದೆ. ಅಗಲ 8 ಅಡಿ, ಉದ್ದ 12, ಎತ್ತರ 9. ಮೂರು ಕಡೆಯೂ ಪಕ್ಕದ ಕಟ್ಟಡದ ಗೋಡೆ, ಕಿಟಕಿ ಒಡೆಯೋ ಮಾತೇ ಇಲ್ಲ. ಎಡಗೋಡೆ ಉದ್ದಕ್ಕೂ 7 ಅಡಿ ಎತ್ತರದ ರ‍್ಯಾಕ್, ಬಲಗೋಡೆ ಖಾಲಿ, ನೆಲಕ್ಕೆ ಬಿಳಿ ಬಟ್ಟೆ ಹೊದಿಸಿದ ಗಾದಿ. ನಡುವೆ 48 ಇಂಚಿನ ಸೀಲಿಂಗ್ ಫ್ಯಾನು, ಅದರ ಆಚೆ ಈಚೆ 15 ವ್ಯಾಟಿನ ಎರಡು ಡೌನ್‌ಲೈಟ್, 6500 ಕೆಲ್ವಿನ್, ಅಂದರೆ ನೀಲಿ ಛಾಯೆಯ ಬಿಳಿ.

ಗಾದಿ ಮೇಲೆ ಬೆಳಕು ಚೆನ್ನಾಗೇ ಬೀಳುತ್ತೆ. ಆದರೂ ಬಾವಿಯೊಳಗೆ ಕೂತ ಹಾಗೆ ಅನಿಸುತ್ತೆ. ಇನ್ನೊಂದು ತಕರಾರು, ಇಲ್ಲಿ ಮರೂನ್ ಅಂತ ಆರಿಸಿದ ಸೀರೆ ಬೀದಿಗೆ ಹೋದಮೇಲೆ ಬೇರೆ ಬಣ್ಣ. ಬ್ಲೌಸ್ ಪೀಸ್ ಮ್ಯಾಚಿಂಗ್ ಅಂತೂ ಕೇಳಲೇಬೇಡಿ. ಇನ್ನೆರಡು ಡೌನ್‌ಲೈಟ್ ಹಾಕಿದರೆ ಸರಿಹೋಗುತ್ತಾ? ಎತ್ತರ ಮೊದಲೇ ಕಮ್ಮಿ, ಫಾಲ್ಸ್ ಸೀಲಿಂಗ್ ಬೇಡ.

ಲಕ್ಸ್ ಲೆಕ್ಕ

ಡೌನ್‌ಲೈಟ್ ಇನ್ನು ಒಂದೂ ಬೇಡ ಸರ್. ನಾಲ್ಕು ಹಾಕಿದರೂ ಬಾವಿ ಬಾವಿಯೇ, ತಳ ಮಾತ್ರ ಇನ್ನಷ್ಟು ಬೆಳಗುತ್ತೆ. ಕೋಣೆ ಎಷ್ಟು ದೊಡ್ಡದು ಅಂತ ಕಣ್ಣು ಅಂದಾಜು ಮಾಡೋದು ನೆಲ ನೋಡಿ ಅಲ್ಲ, ಎದುರಿನ ಗೋಡೆ ಮತ್ತು ಛಾವಣಿಯ ಅಂಚು ನೋಡಿ. ಅವು ಕತ್ತಲಲ್ಲಿದ್ದರೆ ಗೋಡೆ ಮೈಮೇಲೆ ಬಂದಂತೆ ಕಾಣುತ್ತೆ. ಆದ್ದರಿಂದ ಮೊದಲು ಛಾವಣಿ, ಆಮೇಲೆ ಹಿಂಗೋಡೆ, ಕೊನೆಗೆ ಗಾದಿ.

ಛಾವಣಿಗೆ ಪಿಒಪಿ ಕೆಲಸ ಬೇಕಿಲ್ಲ, ನಿಮ್ಮ ರ‍್ಯಾಕೇ ಸಾಕು. ಅದರ ತಲೆ ಮೇಲೆ ಉದ್ದಕ್ಕೂ ಎಲ್‌ಇಡಿ ಸ್ಟ್ರಿಪ್ ಮೇಲ್ಮುಖವಾಗಿ ಹಾಕಿ. ಛಾವಣಿಗೆ 2 ಅಡಿ ಅಂತರ ಸಿಗುತ್ತೆ, ಬೆಳಕು ಗೆರೆ ಬೀಳದೆ ಹರಡುತ್ತೆ. ಬಲಗೋಡೆಗೆ ಎಂಟು ಅಡಿ ಎತ್ತರದಲ್ಲಿ 4 ಇಂಚು ಅಗಲದ ಪ್ಲೈವುಡ್ ಪಟ್ಟಿ ಹೊಡೆಸಿ, ಅದರ ಮೇಲೂ ಅಷ್ಟೇ ಸ್ಟ್ರಿಪ್. ಈ ಪಟ್ಟಿಗೆ ಬಡಗಿಗಳು ಅಂದಕ್ಕೆ ಅಂತ 3 ಇಂಚಿನ ತಡೆ ನಿಲ್ಲಿಸಿಬಿಡ್ತಾರೆ. ಒಪ್ಪಬೇಡಿ. ನಿಂತವರ ಕಣ್ಣೇ ಪಟ್ಟಿಗಿಂತ ಕೆಳಗಿರುತ್ತೆ, ಹಾಗಾಗಿ ಸ್ಟ್ರಿಪ್ ಕಾಣೋದೇ ಇಲ್ಲ. ತಡೆ ಹೆಚ್ಚಾದರೆ ಎದುರುಗೋಡೆಯ ಮೇಲ್ಭಾಗದಲ್ಲಿ ನೆರಳಿನ ಗೆರೆ ಬಿದ್ದು, ಛಾವಣಿ ಕತ್ತರಿಸಿಟ್ಟಂತೆ ಕಾಣುತ್ತೆ. ಒಂದು ಇಂಚು ಸಾಕು.

ಹಿಂಗೋಡೆಗೆ 3 ಅಡಿ ಈಚೆ, ಛಾವಣಿಗೆ 2 ಮೀಟರ್ ಟ್ರ್ಯಾಕ್ (ಲೈಟ್ ಸಿಕ್ಕಿಸೋ ಹಳಿ) ಹಾಕಿ, ಅದಕ್ಕೆ ಬೇಕಾದ ಕಡೆ ತಿರುಗಿಸೋ 10 ವ್ಯಾಟಿನ 5 ಹೆಡ್. ಮೂರು ಹೆಡ್ ಗೋಡೆ ಕಡೆಗೆ, ಎರಡೂವರೆ ಅಡಿಗೊಂದರಂತೆ. ಉಳಿದೆರಡು ನೇರ ಕೆಳಕ್ಕೆ, ಸೀರೆ ಬಿಚ್ಚುವ ಜಾಗಕ್ಕೆ. ಟ್ರ್ಯಾಕನ್ನು ಗೋಡೆಗೆ ಅರ್ಧ ಅಡಿಗೆ ತಂದರೆ ಗಾರೆಯ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತೆ, ಹುಷಾರು.

ಲೆಕ್ಕ ಹೀಗೆ. ಎರಡೂ ಕಡೆ ಸೇರಿ ಸ್ಟ್ರಿಪ್ 7.2 ಮೀಟರ್, ಮೀಟರಿಗೆ 10 ವ್ಯಾಟ್, ಅಂದರೆ 72 ವ್ಯಾಟ್, ಸುಮಾರು 6000 ಲ್ಯೂಮೆನ್ (ಲೈಟ್ ಹೊರಬಿಡೋ ಒಟ್ಟು ಬೆಳಕಿನ ಅಳತೆ). ಛಾವಣಿಗೆ ಬಡಿದು ಬರೋ ಹೊತ್ತಿಗೆ ಮೂರರಲ್ಲೊಂದು ಪಾಲು ಗಾದಿಗೆ ದಕ್ಕಿತು ಅಂದ್ಕೊಳ್ಳಿ, 2000. ಕೋಣೆ 8.9 ಚದರ ಮೀಟರ್, ಹಾಗಾಗಿ ಚದರ ಮೀಟರಿಗೆ 225 ಲ್ಯೂಮೆನ್, ಅಂದರೆ 225 ಲಕ್ಸ್ ಆಸುಪಾಸು. ಕೆಳಮುಖದ ಎರಡು ಹೆಡ್ ಸೇರಿದರೆ ಸೀರೆ ಹಾಸಿದಲ್ಲಿ 500 ದಾಟುತ್ತೆ. ನಿಮ್ಮ ಬಿಳಿ ಗಾದಿ ಬಟ್ಟೆಯೇ ಪುಕ್ಕಟೆ ರಿಫ್ಲೆಕ್ಟರ್, ಅದನ್ನು ಮಾತ್ರ ಬದಲಿಸಬೇಡಿ.

ವೈರಿಂಗ್ ಕಟ್ಟಿಂಗ್

ಮೇಲಿನ ಅಣ್ಣಾರು ಫ್ಯಾನ್ ಮರೆತ್ರು. ಸ್ಟ್ರಿಪ್ ಕೆಳಗಿಂದ ಮೇಲಕ್ಕೆ ಬೆಳಕು ಬಿಡ್ತದ, ನಡುವೆ ಫ್ಯಾನ್ ತಿರುಗಿದ್ರೆ ಛಾವಣಿ ತುಂಬ ರೆಕ್ಕೆ ನೆರಳು ಕುಣಿತಾವು. ಅರ್ಧ ತಾಸು ಕೂತ ಗಿರಾಕಿಗೆ ತಲೆ ಹಿಡಿತದ. ಸೀಲಿಂಗ್ ಫ್ಯಾನ್ ಇಳಿಸಿ ವಾಲ್ ಫ್ಯಾನ್ ಹಾಕ್ರಿ.

ಸ್ಟ್ರಿಪ್ 24 ವೋಲ್ಟಿಂದೇ ತಗೋರಿ. 12 ವೋಲ್ಟಾದ್ರೆ ಅದೇ 72 ವ್ಯಾಟಿಗೆ 6 ಆಂಪಿಯರ್ ಹರಿಬೇಕು, ತುದಿಗೆ ಹೋಗೋದ್ರಾಗ ಬೆಳಕು ಕುಂದ್ತದ. 24ಕ್ಕೆ 3 ಆಂಪಿಯರ್ ಸಾಕು. ಎರಡು ಸ್ಟ್ರಿಪ್ ಒಂದರ ಬಾಲಕ್ಕೆ ಒಂದು ಕಟ್ಟಬ್ಯಾಡ್ರಿ, ಡ್ರೈವರ್‌ನಿಂದ (ಲೈನ್ ಕರೆಂಟನ್ನ 24 ವೋಲ್ಟಿಗೆ ಇಳಿಸೋ ಡಬ್ಬಿ) ಎರಡಕ್ಕೂ ಬೇರೆ ಬೇರೆ ವೈರ್ ಎಳೀರಿ, 1.5 ಚದರ ಎಂಎಂ. ಡ್ರೈವರ್ 100 ವ್ಯಾಟಿಂದು, ಪೂರ್ತಿ ದುಡಿಸಬಾರದು, ನೂರಕ್ಕೆ 80ರೊಳಗೆ ಇರ್ಲಿ. ಅದನ್ನ ಬಾಗಿಲ ಪಕ್ಕ ಗಾಳಿ ಆಡೋ ಕಡೆ, ಕೈಗೆ ಸಿಗೋಹಂಗ ಇಡ್ರಿ. ಸೀರೆ ಬಾಕ್ಸಿನ ಸಂದ್ಯಾಗ ತುರುಕಿದ್ರೆ ಸುಡೋದು ಡ್ರೈವರ್ ಒಂದೇ ಅಲ್ಲ.

ಅಂಟಿನ ಮೇಲೆ ನಂಬಿಕೆ ಬ್ಯಾಡ. ಅಲ್ಯೂಮಿನಿಯಂ ಪ್ರೊಫೈಲ್ (ಕಾಲುವೆಯಂಥ ಉದ್ದ ಪಟ್ಟಿ) ಒಳಗೆ ಕೂರಿಸಿದ್ರೆ ಶಾಖ ಹೋಗ್ತದ. ಬರೀ ಪ್ಲೈವುಡ್ಡಿಗೆ ಅಂಟಿಸಿದ್ದು ಏಪ್ರಿಲ್ ಸೆಕೆಗೆ ಸಿಪ್ಪೆ ಹಂಗ ಎದ್ದು ಬರ್ತದ. ಸ್ಟ್ರಿಪ್ ಕತ್ತರಿಸೋದು ಅದರ ಮ್ಯಾಲಿರೋ ಗುರುತಿನ ಮೇಲಷ್ಟೇ. ಮಂಕು ಮಾಡಬೇಕಂದ್ರೆ ಡ್ರೈವರ್ ಮತ್ತು ಸ್ಟ್ರಿಪ್ ನಡುವೆ 24 ವೋಲ್ಟಿನ ಡಿಮ್ಮರ್. ಫ್ಯಾನ್ ರೆಗ್ಯುಲೇಟರ್ ಹಾಕಿದ್ರೆ ಗುಂಯ್ ಅಂತದ, ಆಮ್ಯಾಲೆ ಸಾಯ್ತದ. ಸ್ಕ್ವೇರ್ ವೇವ್ ಇನ್ವರ್ಟರಿಗೂ ಇದೇ ಕಥಿ.

ಹಬ್ಬದ ಸೀಸನ್ನಿಗೆ ರ‍್ಯಾಕ್ ತಲೆ ಮ್ಯಾಲೆ ಬಂಡಲ್ ಏರಿಸೋರು ನೀವಾದ್ರೆ, ಸ್ಟ್ರಿಪ್ಪಿನ ಮುಂದೆ ಹಿಂದೆ ಒಂದೊಂದು ಬೀಡಿಂಗ್ ಹೊಡೆದು ಆ ಜಾಗ ಬಂದ್ ಮಾಡ್ರಿ. ಇಲ್ಲಾಂದ್ರೆ ಮೊದಲ ಲಾಟಿಗೇ ಬೆಳಕು ಮುಚ್ಚಿತು.

ನೂಲು ಬಣ್ಣ

ಬಣ್ಣದ ತಕರಾರಿಗೆ ಕಾರಣ ಬೇರೆ. ಅಗ್ಗದ ಎಲ್‌ಇಡಿ ಅಂದರೆ ನೀಲಿ ಚಿಪ್ಪಿನ ಮೇಲೆ ಹಳದಿ ಲೇಪ. ಅದರಲ್ಲಿ ಗಾಢ ಕೆಂಪು ಕಡಿಮೆ. ಬೆಳಕಿನಲ್ಲಿ ಇಲ್ಲದ ಕೆಂಪನ್ನು ಸೀರೆ ಎಲ್ಲಿಂದ ತೋರಿಸೀತು? ಮರೂನ್ ಕಂದಾಗುತ್ತದೆ. ಡಬ್ಬಿ ಮೇಲೆ ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದಕ್ಕೆ ನೂರಕ್ಕೆ ಕೊಡುವ ಅಂಕ) 90 ಇದ್ದರೆ ಸಾಲದು, ಅದು 8 ತಿಳಿಬಣ್ಣಗಳ ಸರಾಸರಿ ಮಾತ್ರ. ಕಡುಗೆಂಪು 9ನೆಯದು, ಆ ಲೆಕ್ಕದೊಳಗೆ ಬರುವುದಿಲ್ಲ. ಆ ಕಡುಗೆಂಪಿನ ಅಂಕ, ಆರ್9, ಎಷ್ಟು ಎಂದು ಕೇಳಿ, 50ಕ್ಕಿಂತ ಮೇಲಿರಲಿ.

ಬ್ಲೌಸ್ ಪೀಸ್ ಕೈಕೊಡುವುದು ಸೀರೆಗೂ ಅದಕ್ಕೂ ಬಣ್ಣ ಹಾಕಿದ ರಾಸಾಯನಿಕ ಬೇರೆಯಾದಾಗ. ಒಂದು ಬೆಳಕಿನಲ್ಲಿ ಎರಡೂ ಒಂದೇ, ಇನ್ನೊಂದರಲ್ಲಿ ಬೇರೆ. ಒಳ್ಳೆಯ ಲೈಟ್ ಇದನ್ನು ತಗ್ಗಿಸುತ್ತದೆ, ಪೂರ್ತಿ ನೀಗಿಸುವುದಿಲ್ಲ. ಹೊಳಪು ಹಾಕಿದ ಬಿಳಿ ಬಟ್ಟೆಯೂ ಒಳಗೆ ಸ್ವಲ್ಪ ಮಂಕೇ, ಏಕೆಂದರೆ ಆ ಹೊಳಪಿಗೆ ಬೇಕಾದ ನೇರಳಾತೀತ ಕಿರಣ ಎಲ್‌ಇಡಿಯಲ್ಲಿ ಇರುವುದಿಲ್ಲ ಎನ್ನುವಷ್ಟು ಕಡಿಮೆ.

ಎಲ್ಲವೂ 4000 ಕೆಲ್ವಿನ್ (ನೀಲಿಯೂ ಹಳದಿಯೂ ಅಲ್ಲದ ನಡುಬಿಳಿ), ಒಂದೇ ಕಂಪನಿ, ಒಂದೇ ಬಾರಿ ಖರೀದಿ. ನಿಮ್ಮ ಅಂಗಡಿಯ ಮುಂಭಾಗದಲ್ಲೂ 6500 ಕೆಲ್ವಿನ್ ಲೈಟುಗಳಿದ್ದರೆ ಅವನ್ನೂ ಬದಲಿಸುವುದು ಮೇಲು. ಛಾವಣಿಗೆ ಹೊಳಪಿಲ್ಲದ ಅಚ್ಚ ಬಿಳಿ, ಗೋಡೆಗೆ ಬೂದು ಸೇರಿದ ತಿಳಿಬಿಳಿ. ಪಿಸ್ತಾ ಹಸಿರು, ಪೀಚ್ ಬೇಡವೇ ಬೇಡ. ಬೆಳಕು ಗೋಡೆಗೆ ಬಡಿದೇ ಸೀರೆಗೆ ಬರುವುದರಿಂದ ಪಿಸ್ತಾ ಗೋಡೆಯಿದ್ದರೆ ಕೆನೆಬಣ್ಣದ ರೇಷ್ಮೆ ಹಸಿರಾಗಿ ಕೂರುತ್ತದೆ.

ಗಾದಿ ಅಂಗಡಿ, ಚೌಕಿಪೇಟೆ

ಮೂವರಿಗೂ ಧನ್ಯವಾದ. ಫ್ಯಾನ್ ಇಳಿಸ್ತೀನಿ. ಹಿಂಗೋಡೆಗೆ 2×2 ಅಡಿ ಎಲ್‌ಇಡಿ ಪ್ಯಾನೆಲ್ ಹಾಕಿ, ಚೌಕಟ್ಟು ಕೂರಿಸಿ ಸುಳ್ಳು ಕಿಟಕಿ ಮಾಡಿಕೊಡ್ತೀನಿ ಅಂತ ಒಬ್ಬರು ಹೇಳ್ತಿದ್ದಾರೆ. ಇಲ್ಲಾಂದ್ರೆ ಆ ಗೋಡೆಗೆ ಪೂರ್ತಿ ಕನ್ನಡಿ. ಯಾವುದು ಮೇಲು?

ಲಕ್ಸ್ ಲೆಕ್ಕ

ಎರಡೂ ಆ ಗೋಡೆಗೆ ಬೇಡ. 36 ವ್ಯಾಟಿನ ಪ್ಯಾನೆಲ್ ಸುಮಾರು 3600 ಲ್ಯೂಮೆನ್ ಕೊಡುತ್ತೆ. ಅಷ್ಟು ಸಣ್ಣ ಜಾಗದಿಂದ ಅಂದರೆ ಕಣ್ಣಿಗೆ ಹೊಡೆಯೋ ಹೊಳಪು ಚದರ ಮೀಟರಿಗೆ 3000 ಕ್ಯಾಂಡೆಲಾ ಮೇಲೆ. ಟ್ರ್ಯಾಕ್ ಬೆಳಗಿಸಿದ ಗೋಡೆ 50ರ ಹತ್ತಿರ. ಅರವತ್ತು ಪಟ್ಟು! ಕಿಟಕಿ ಅಂತ ಯಾರೂ ನಂಬಲ್ಲ, ಎಕ್ಸ್‌ರೇ ನೋಡೋ ಡಬ್ಬಿ ಅಂತಾರೆ. ಸೀರೆ ಹಿಡಿದು ನಿಂತವರ ಮುಖ ಕಪ್ಪಾಗುತ್ತೆ. ಆಸೆ ಬಿಡಲ್ಲ ಅಂದರೆ ಡಿಮ್ ಆಗೋ ಪ್ಯಾನೆಲ್ ತಂದು ನೂರಕ್ಕೆ 10ಕ್ಕೆ ಇಳಿಸಿ. ಆಗಲೂ ಗೋಡೆಗಿಂತ ಆರು ಪಟ್ಟು ಇರುತ್ತೆ.

ಕನ್ನಡಿ ತಾನಾಗಿ ಬೆಳಗಲ್ಲ, ಅದರ ಮೇಲೆ ಬಿಟ್ಟ ಬೆಳಕು ಬೇರೆ ಕಡೆ ಜಾರಿ ಹೋಗುತ್ತೆ. ಹಿಂಗೋಡೆಗೆ ಹಾಕಿದರೆ ಕೂತವರಿಗೆ ಬಾಗಿಲು, ಚಪ್ಪಲಿ ರಾಶಿ ಕಾಣುತ್ತೆ. ಬಲಗೋಡೆಗೆ ಹಾಕಿ, ಎದುರಿನ ರ‍್ಯಾಕಿನ ಸೀರೆ ಸಾಲು ಅದರೊಳಗೆ ಮೂಡಿ ಅಗಲ ಎರಡರಷ್ಟು ಅನಿಸುತ್ತೆ. ಸೆರಗು ಹೊದ್ದು ನೋಡೋ ಗಿರಾಕಿಗೆ ಕನ್ನಡಿಯ ಎರಡೂ ಪಕ್ಕ ಉದ್ದ ಪ್ರೊಫೈಲ್ ಲೈಟ್ ನಿಲ್ಲಿಸಿ, ಮುಖದ ಮೇಲೆ ನೆರಳು ಬೀಳಲ್ಲ.

ವೈರಿಂಗ್ ಕಟ್ಟಿಂಗ್

ಒಂದು ಮಾತು ಉಳೀತು. ಎಷ್ಟೇ ಬೆಳಕು ಮಾಡಿದ್ರೂ ಗಾಳಿ ಇಲ್ಲಾಂದ್ರೆ ಕೋಣೆ ಇಕ್ಕಟ್ಟೇ. ಕೋಣೆ 24.5 ಘನ ಮೀಟರ್. ತಾಸಿಗೆ 8 ಸಲ ಗಾಳಿ ಬದಲಾಗಬೇಕಂದ್ರೆ 200 ಘನ ಮೀಟರ್ ಎಳೆಯೋ ಎಕ್ಸಾಸ್ಟ್ ಬೇಕು. ಗೋಡೆ ನಿಮ್ಮದಲ್ಲ, ಹಂಗಾಗಿ ಪೈಪಿನಾಗ ಮುಂದಕ್ಕೆ ತರ್ರಿ, ಬಾಗಿಲ ಕೆಳಗೆ ಮುಕ್ಕಾಲು ಇಂಚು ಸಂದು ಬಿಡ್ರಿ. ಪೈಪ್ ಉದ್ದ ಆದಷ್ಟು ಗಾಳಿ ಕುಗ್ಗತದ, ಒಂದು ಸೈಜ್ ದೊಡ್ಡ ಫ್ಯಾನೇ ತಗೋರಿ. ಕರೆಂಟ್ ಹೋದ್ರೆ ಈ ಕೋಣ್ಯಾಗ ಹಗಲಲ್ಲೂ ಕೈ ಕಾಣಂಗಿಲ್ಲ, ಬ್ಯಾಟರಿ ಇರೋ ಎಮರ್ಜೆನ್ಸಿ ಲೈಟ್ ಒಂದು ಬಾಗಿಲ ಮೇಲೆ ಖಾಯಂ ಇರ್ಲಿ.