ಭಾವ, ಹೊಂಗೆ ಬುಡದ ಅಣಬೆ ಬಗ್ಗೆ

ಭಾವ, ನೀವು ಬೆಳಿಗ್ಗೆ ಹಾಕಿದ ಫೋಟೊ ಈಗ ದೊಡ್ಡದು ಮಾಡಿ ನೋಡಿದೆ. ಅಡಿಕೆ ತೋಟದ ಬೇಲಿ ಹತ್ತಿರದ ಹೊಂಗೆ ಅಲ್ವಾ ಅದು? ಬುಡದಲ್ಲಿ ಕಂದು ಬಣ್ಣದ ಹಲಗೆಯಂಥವು ಮೂರು ಎದ್ದಿವೆ. ಚಿಕ್ಕಮ್ಮ ಅದನ್ನು ರೀಶಿ ಎಂಬ ಔಷಧಿ ಅಣಬೆ, ಕುದಿಸಿ ಕುಡಿಯಬಹುದು ಎಂದು ಬರೆದಿದ್ದಾರೆ. ದಯವಿಟ್ಟು ಯಾರೂ ಕುಡಿಯಬೇಡಿ. ರೀಶಿ ಗ್ಯಾನೋಡರ್ಮಾ ಎಂಬ ಅಣಬೆ ಗುಂಪಿನದು, ನಿಜ. ಆದರೆ ಆ ಗುಂಪಿನಲ್ಲಿ ಜಾತಿಗಳು ಜಾಸ್ತಿ. ಫೋಟೊ ನೋಡಿ ಇಂಥದ್ದೇ ಎಂದು ಹೇಳಲು ಆಗುವುದಿಲ್ಲ.

ಗುಂಪು ಅದೇನಾ ಎಂದು ಮಾತ್ರ ನೀವೇ ನೋಡಬಹುದು. ಮೇಲ್ಭಾಗ ವಾರ್ನಿಷ್ ಬಳಿದ ಹಾಗೆ ಹೊಳೆಯುತ್ತಿದೆಯಾ? ಬೆಳೆಯುವ ಅಂಚು ಬೆಳ್ಳಗಿದೆಯಾ? ಆಮೇಲೆ ಬಗ್ಗಿ ಅಡಿಭಾಗ ನೋಡಿ. ತಿನ್ನುವ ಅಣಬೆಗಿರುವ ಪದರ ಪದರ ಅಲ್ಲಿರಬಾರದು, ಸೂಜಿ ಚುಚ್ಚಿದಂಥ ಸಣ್ಣ ತೂತುಗಳಿರಬೇಕು. ಬೆಳ್ಳಗಿರುವ ಆ ಅಡಿಭಾಗವನ್ನು ಉಗುರಿನಿಂದ ಗೀರಿ. ಗೀರಿದಲ್ಲಿ ಕಂದು ಗೆರೆ ಮೂಡುತ್ತದೆ. ಪಕ್ಕದ ಎಲೆಗಳ ಮೇಲೆ ಕೋಕೋ ಪುಡಿಯಂಥ ಧೂಳು ಕೂತಿದ್ದರೆ ಅದು ಅಣಬೆಯ ಬೀಜಕ, ಅಂದರೆ ಬೀಜದಂಥ ಪುಡಿ. ಇಷ್ಟೂ ಕಂಡರೆ ಗ್ಯಾನೋಡರ್ಮಾ ಎಂದೇ ಇಟ್ಟುಕೊಳ್ಳಿ. ಒಣ ಮಾವಿನ ಕೊಂಬೆ ಮೇಲೆ ಬರುತ್ತದಲ್ಲ, ಬೂದು ಬಣ್ಣದ ಪುಟ್ಟ ಬೀಸಣಿಗೆ, ಅದು ಬೇರೆ.

ನನಗೆ ಚಿಂತೆ ಅಡಿಕೆಯದು. ಅಡಿಕೆ ಮರದ ಬುಡ ಕೊಳೆಸುವ ಅಣಬೆ ರೋಗ ಎನ್ನುತ್ತೇವಲ್ಲ, ಅದು ಬರುವುದು ಗ್ಯಾನೋಡರ್ಮಾದಿಂದಲೇ. ಹೊಂಗೆ, ಗುಲ್‌ಮೊಹರ್ ಎರಡರಲ್ಲೂ ಅದು ನೆಲೆಸುತ್ತದೆ. ತೋಟದ ಅಂಚಿಗೆ ಆ ಮರಗಳು ಬೇಡ ಎನ್ನುವುದು ಅದಕ್ಕೇ. ಮಣ್ಣಿನೊಳಗೆ ಬೇರಿನಿಂದ ಬೇರಿಗೆ ದಾಟುತ್ತದೆ. ಸುಮ್ನೆ ಅಣಬೆ ಕಿತ್ತು ಎಸೆದರೆ ರೋಗ ಹೋಗುವುದಿಲ್ಲ. ಹೊರಗೆ ಕಾಣುವುದು ಕಾಯಿ ಇದ್ದ ಹಾಗೆ, ಬಳ್ಳಿ ಮರದ ಒಳಗಿದೆ. ಮೇಲೆ ಎಲೆ ಹಸಿರಾಗಿದ್ದರೂ ಬುಡ ಕೊಳೆತು ಮರ ಗಾಳಿಗೆ ಉರುಳಬಹುದು. ಮಕ್ಕಳ ಜೋಕಾಲಿ ಇವತ್ತೇ ಬಿಚ್ಚಿಬಿಡಿ. ಕತ್ತಿಯ ಹಿಂಬದಿಯಿಂದ ಕಾಂಡ ಬಡಿದು ನೋಡಿ, ಪೊಳ್ಳು ಸದ್ದು ಬಂದರೆ ಕಡಿಸುವುದೇ ಒಳ್ಳೆಯದು. ಬುಡ, ಬೇರು ಎಲ್ಲ ತೆಗೆಸಿ.

ಬೇಲಿ ಪಕ್ಕದ ಸಾಲಿನ ಅಡಿಕೆ ಮರಗಳನ್ನೂ ಒಂದೊಂದಾಗಿ ನೋಡಿ. ನೀರು ಸಾಲದ ಹಾಗೆ ಕೆಳಗಿನ ಸೋಗೆ ಹಳದಿಯಾಗಿ ಜೋತಿದೆಯಾ, ಬುಡದಲ್ಲಿ ಕಂದು ರಸ ಒಸರಿದೆಯಾ? ಅಡಿಕೆಯಲ್ಲಿ ಅಣಬೆ ಏಳುವುದು ಕೊನೆಗೆ, ಅದಕ್ಕೆ ಕಾಯಬೇಡಿ. ಅಂಥ ಮರ ಸಿಕ್ಕರೆ ಬುಡದಿಂದ 1 ಮೀಟರ್ ಬಿಟ್ಟು ಸುತ್ತ ಅಗಳ ತೆಗೆಸಿ, 60 ಸೆಂಟಿಮೀಟರ್ ಆಳ, 30 ಅಗಲ. ಆ ಮರದ ನೀರು ಬೇರೆ ಮರಗಳ ಕಡೆ ಹರಿಯದಿರಲಿ. ಸಂಜೆಯೊಳಗೆ ಅಣಬೆಯ ಅಡಿಭಾಗದ ಫೋಟೊ ಒಂದು ಕಳಿಸಿ ಭಾವ, ಗೀರಿದ ಮೇಲಿನದು.