ಅಟ್ಟದ ಮೇಲೆ ಸಿಕ್ಕ ಪಿಸ್ತೂಲಿಗೆ ಹುಣಸೆಹಣ್ಣು ಹಚ್ಚಬಹುದಾ?

ಪ್ರಶ್ನೆ (ಹೊಳಲ್ಕೆರೆ ತಾಲ್ಲೂಕಿನ ಸದಸ್ಯರು): ನಮಸ್ಕಾರ ಸರ್. ಹಳೇ ಮನೆ ಕೆಡವ್ತಾ ಇದೀವಿ. ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಬಟ್ಟೆ ಸುತ್ತಿದ ಪಿಸ್ತೂಲು ಸಿಕ್ತು. ಒಂದೂವರೆ ಗೇಣು ಉದ್ದ ಐತೆ. ಹಿಡಿಯ ತುದಿಗೆ ಹಿತ್ತಾಳೆ ಟೋಪಿ. ಮೇಲಿನ ಕುದುರೆ, ಅಂದ್ರೆ ಟ್ರಿಗರ್ ಎಳೆದಾಗ ಬಡಿಯೋ ಕೊಕ್ಕೆ, ಅದರ ಬಾಯಲ್ಲಿ ಚರ್ಮ ಸುತ್ತಿದ ಕಲ್ಲಿನ ಚೂರು ಹಂಗೇ ಕಚ್ಕೊಂಡಿದೆ. ಆಯುಧಪೂಜೆಗೆ ಇಡೋಣ ಅಂತ ಮನೇಲಿ ಎಲ್ಲರ ಆಸೆ, ನಮ್ಮ ಭಾವಮೈದ ಹುಣಸೆಹಣ್ಣು ಹಚ್ಚಿ ಬೆಳಗಿಸ್ತೀನಿ ಅಂತಾನೆ. ದಾವಣಗೆರೆಯಿಂದ ಒಬ್ಬರು ಬಂದು ಇದು ಟಿಪ್ಪು ಕಾಲದ್ದು, ಎರಡು ಲಕ್ಷ ಕೊಡ್ತೀನಿ ಅಂದ್ರು. ಏನ್ ಮಾಡ್ಬೇಕು ಸರ್?

ಉತ್ತರ (ನಿವೃತ್ತ ಮ್ಯೂಸಿಯಂ ಸಂರಕ್ಷಕರು): ನಿಮ್ಮ ಭಾವಮೈದನನ್ನು ಮೊದಲು ಅಡುಗೆಮನೆಗೆ ಕಳಿಸಿ, ಹುಣಸೆಹಣ್ಣು ಸಾರಿಗೇ ಸರಿ. ತಮಾಷೆಯಲ್ಲ. ಹುಳಿ ಕಬ್ಬಿಣವನ್ನು ತಿನ್ನುತ್ತದೆ. ನೂರಿನ್ನೂರು ವರ್ಷದಲ್ಲಿ ನಳಿಗೆಯ ಮೇಲೆ ಕೂತಿರುವ ಕಂದು ಬಣ್ಣವೇ ಅದರ ಜಾತಕ. ಅದನ್ನು ಉಜ್ಜಿ ತೆಗೆದರೆ ಸಣ್ಣಗೆ ಕೊರೆದ ಗುರುತು, ಅಕ್ಷರ, ಮುದ್ರೆ ಎಲ್ಲವೂ ಅದರ ಜೊತೆ ಹೋಗುತ್ತವೆ. ಹೊಳೆಯುವ ಪಿಸ್ತೂಲು ನೋಡಿ ಕೊಳ್ಳುವವರು ಖುಷಿಪಡುತ್ತಾರೆ ಅಂದುಕೊಳ್ಳಬೇಡಿ, ತಿಳಿದವರು ಅದನ್ನು ಕೈಯಲ್ಲಿ ಹಿಡಿದು ನಿಟ್ಟುಸಿರು ಬಿಡುತ್ತಾರೆ. ಅರಿಶಿನ ಕುಂಕುಮವನ್ನೂ ಲೋಹಕ್ಕೆ ಹಚ್ಚಬೇಡಿ, ಪಕ್ಕದಲ್ಲಿಟ್ಟ ಪೂಜೆಯ ತಟ್ಟೆಗೆ ಹಚ್ಚಿ. ಆಯುಧಕ್ಕೆ ಬೇಜಾರಾಗುವುದಿಲ್ಲ.

ಆದರೆ ಇದು ಎರಡನೇ ಮಾತು. ಮೊದಲನೇ ಮಾತು: ಅದರೊಳಗೆ ಈಡು, ಅಂದರೆ ತುಂಬಿಟ್ಟ ಮದ್ದು ಗುಂಡು, ಇದೆಯಾ? ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ, ಸುಮಾರು 75, 15, 10ರ ಪಾಲಿನಲ್ಲಿ. ಒಣಗಿ ಬಿಗಿಯಾಗಿ ಕೂತಿದ್ದರೆ ನೂರು ವರ್ಷ ಕಳೆದರೂ ಅದು ಮದ್ದೇ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ನಾಲ್ಕು ದೊಡ್ಡ ಕಲ್ಲು ನೋಡಿದ್ದೀರಲ್ಲ, ಅಲ್ಲಿ ಬೀಸುತ್ತಿದ್ದ ಪದಾರ್ಥವೇ ಇದು. ಅದು ಮುದಿಯಾಗುವುದಿಲ್ಲ.

ಹೀಗೆ ನೋಡಿ. ನಳಿಗೆಯ ಬಾಯಿ ಗೋಡೆ ಕಡೆಗಿರಲಿ, ಮನೆಯ ಮಕ್ಕಳು ಹೊರಗಿರಲಿ, ನಿಮ್ಮ ಮುಖವಾಗಲಿ ಕೈಯಾಗಲಿ ನಳಿಗೆಯ ಮುಂದೆ ಬೇಡ. ಕುದುರೆಯನ್ನು ಎಳೆಯಬೇಡಿ, ಟ್ರಿಗರ್ ಮುಟ್ಟಬೇಡಿ. ಪೆನ್ಸಿಲ್ ದಪ್ಪದ ಬಿದಿರು ಕಡ್ಡಿಯನ್ನು ಬಾಯಿಂದ ಮೆಲ್ಲಗೆ ಒಳಗೆ ಬಿಡಿ, ತಡೆದ ಕಡೆ ನಿಲ್ಲಿಸಿ, ಬಾಯಿಯ ಅಂಚಿಗೆ ಸರಿಯಾಗಿ ಕಡ್ಡಿಯ ಮೇಲೆ ಗುರುತು ಹಾಕಿ. ಕಡ್ಡಿ ಹೊರಗೆಳೆದು ನಳಿಗೆಯ ಮೇಲೆಯೇ ಇಟ್ಟು ಅಳೆಯಿರಿ. ಕಡ್ಡಿಯ ತುದಿ ನಳಿಗೆಯ ಪಕ್ಕದಲ್ಲಿ ಬೆಂಕಿ ಒಳಹೋಗುವ ಸಣ್ಣ ತೂತಿನವರೆಗೆ ಬಂದರೆ ನಳಿಗೆ ಖಾಲಿ. ಅದಕ್ಕೆ ಮುಂಚೆಯೇ ನಿಂತಿದ್ದರೆ ಒಳಗೆ ಏನೋ ಇದೆ.

ಪ್ರಶ್ನೆ (ದಾವಣಗೆರೆಯ ಸದಸ್ಯರು): ಪೊರಕೆಯ ತೆಂಗಿನ ಕಡ್ಡಿ ಸಾಕಲ್ವಾ ಸರ್? ನಮ್ಮ ತಾತನ ಕೇಪಿನ ಕೋವಿ ನಾನು ಹಂಗೇ ನೋಡಿದ್ದು.

ಉತ್ತರ: ತೆಂಗಿನ ಕಡ್ಡಿ ತೆಳ್ಳಗೆ ಸ್ವಾಮಿ. ಗುಂಡಿನ ಪಕ್ಕದ ಸಂದಿಯಲ್ಲಿ ನುಸುಳಿ ತಳ ಮುಟ್ಟಿದಂತೆ ಸುಳ್ಳು ಹೇಳುತ್ತದೆ. ಕಬ್ಬಿಣದ ಸಲಾಕೆಯೂ ಬೇಡ. ನಿಮ್ಮ ತಾತನ ಕೋವಿಗೆ ಕೇಪು ಕೂರಿಸುವ ಮೊಳೆಯ ಬುಡದವರೆಗೆ ಅಳೆಯಬೇಕು, ಅದೊಂದೇ ವ್ಯತ್ಯಾಸ.

ಪ್ರಶ್ನೆ (ಅದೇ ದಾವಣಗೆರೆಯ ಸದಸ್ಯರು): ಕಲ್ಲಿನದಕ್ಕೂ ಕೇಪಿನದಕ್ಕೂ ಏನು ವ್ಯತ್ಯಾಸ ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ? ನನಗೆ ಸಂಗ್ರಹ ಶುರುಮಾಡೋ ಹುಚ್ಚು ಹಿಡಿದಿದೆ.

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ, ನನ್ನ ಹುಚ್ಚೂ ಅದೇ.

ಚಕಮಕಿ ಪಿಸ್ತೂಲಿನಲ್ಲಿ ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು ಇರುತ್ತದೆ. ಕಲ್ಲು ಜಾರದಿರಲಿ ಎಂದು ಚರ್ಮ ಅಥವಾ ತೆಳು ಸೀಸದ ಹಾಳೆ ಸುತ್ತುತ್ತಾರೆ. ಟ್ರಿಗರ್ ಎಳೆದಾಗ ಕಲ್ಲು ಎದುರಿನ ಉಕ್ಕಿನ ಮುಚ್ಚಳಕ್ಕೆ ಹೊಡೆದು ಕಿಡಿ ಉದುರಿಸುತ್ತದೆ, ಅದೇ ಏಟಿಗೆ ಮುಚ್ಚಳವೂ ತೆರೆದುಕೊಳ್ಳುತ್ತದೆ. ಕಿಡಿ ಕೆಳಗಿನ ಬಟ್ಟಲಲ್ಲಿರುವ ರಂಜಕಕ್ಕೆ, ಅಂದರೆ ಬೆಂಕಿ ಹಿಡಿಸಲು ಇಟ್ಟ ಚಿಟಿಕೆ ಮದ್ದಿಗೆ, ಬೀಳುತ್ತದೆ. ರಂಜಕ ಭಗ್ಗೆಂದು, ಬೆಂಕಿ ಸಣ್ಣ ತೂತಿನೊಳಗೆ ಹೊಕ್ಕು ಒಳಗಿನ ಮದ್ದನ್ನು ಮುಟ್ಟುತ್ತದೆ. ಎಷ್ಟೋ ಸಲ ಬಟ್ಟಲು ಉರಿದು ಅಲ್ಲಿಗೇ ಮುಗಿಯುತ್ತಿತ್ತು. ಮಳೆ ಬಂದರೆ ಕೇಳುವುದೇ ಬೇಡ.

ಇದರಿಂದ ಬೇಸತ್ತವರು ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಜಾನ್ ಫೋರ್ಸೈತ್. ನೀರುಕೋಳಿ ಬೇಟೆಯ ಹುಚ್ಚು ಅವರಿಗೆ. ಬಟ್ಟಲಿನ ಬೆಳಕು ಹೊಗೆ ಕಂಡ ತಕ್ಷಣ, ಗುಂಡು ಬರುವ ಮುಂಚೆಯೇ ಹಕ್ಕಿ ಮುಳುಗು ಹಾಕುತ್ತಿತ್ತಂತೆ. ಪೆಟ್ಟು ಬಿದ್ದರೆ ಸಾಕು ಸಿಡಿಯುವ ಫಲ್ಮಿನೇಟ್ ಪುಡಿಯನ್ನು ಬಳಸಿ ಅವರು 1807ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಆ ಪುಡಿಯನ್ನು ಪುಟ್ಟ ತಾಮ್ರದ ಟೊಪ್ಪಿಗೆಯೊಳಗೆ ಕೂರಿಸಿದರು. ನಮ್ಮ ಮಲೆನಾಡಿನವರು ಹೇಳುವ ಕೇಪು ಅದೇ. ಬ್ರಿಟಿಷ್ ಸೈನ್ಯ ಕಲ್ಲು ಬಿಟ್ಟು ಕೇಪಿಗೆ ಹೊರಳಲು 1830ರ ದಶಕದ ಕೊನೆಯೇ ಬರಬೇಕಾಯಿತು.

ಸಂಗ್ರಹಕಾರರಿಗೆ ಸ್ವಾರಸ್ಯ ಇರುವುದು ನಡುವಿನ ಕಾಲದಲ್ಲಿ. ಚೆನ್ನಾಗಿದ್ದ ಚಕಮಕಿ ಪಿಸ್ತೂಲುಗಳನ್ನು ಯಾರೂ ಎಸೆಯಲಿಲ್ಲ. ಬಟ್ಟಲು ಕಿತ್ತು, ತೂತಿನ ಜಾಗಕ್ಕೆ ಕೇಪಿನ ಮೊಳೆ ಕೂರಿಸಿ, ಕುದುರೆ ಬದಲಿಸಿದರು. ಅಂಥದ್ದು ಕೈಗೆ ಬಂದರೆ ಪಕ್ಕದ ತಟ್ಟೆಯ, ಅಂದರೆ ಕುದುರೆ ಕೂರಿಸಿದ ಲೋಹದ ಹಲಗೆಯ, ಮೇಲೆ ಹಳೇ ತಿರುಪಿನ ತೂತು ಮುಚ್ಚಿದ ಗುರುತು ಕಾಣುತ್ತದೆ. ಆಗಿನ ಕಾಲದಲ್ಲೇ ಆದ ಬದಲಾವಣೆಗೆ ಅದರದ್ದೇ ಗೌರವ ಇದೆ. ಈಗ ತಿರುಗಿ ಕೇಪಿನಿಂದ ಕಲ್ಲಿಗೆ ಬದಲಿಸಿ, ಹಳೆಯದು ಅಂತ ಹೆಚ್ಚು ಬೆಲೆಗೆ ಮಾರುವವರಿದ್ದಾರೆ. ಅವರ ಬಗ್ಗೆ ಎಚ್ಚರ.

ಪ್ರಶ್ನೆ (ಚಿತ್ರದುರ್ಗದ ಸದಸ್ಯರು): ಇದು ಮದಕರಿ ನಾಯಕರ ಕಾಲದ್ದು ಇರಬಹುದಾ ಮೇಷ್ಟ್ರೇ? ಹೊಳಲ್ಕೆರೆ ಅಂದ್ರೆ ನಮ್ಮ ದುರ್ಗದ ಸೀಮೇನೇ ಅಲ್ವಾ.

ಉತ್ತರ: ದುರ್ಗದವರಿಗೆ ಆ ಆಸೆ ಸಹಜ, ನನಗೂ ಇದೆ. ಆದರೆ ದುರ್ಗ ಹೈದರಾಲಿಯ ಕೈಗೆ ಹೋದದ್ದು 1779ರಲ್ಲಿ. ಆ ಕಾಲದ ನಮ್ಮ ಕಡೆಯ ಸೈನಿಕರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಬತ್ತಿಯ ಕೋವಿ, ಉರಿಯುವ ಬತ್ತಿಯನ್ನು ಮದ್ದಿಗೆ ತಾಗಿಸುವಂಥದ್ದು. ಅದನ್ನು ಊರಿನ ಕಮ್ಮಾರನೂ ರಿಪೇರಿ ಮಾಡಬಲ್ಲ, ಕಲ್ಲು ಹುಡುಕುವ ಗೋಳಿಲ್ಲ. ಚಕಮಕಿ ಪಿಸ್ತೂಲು ಹೆಚ್ಚಾಗಿ ಕಂಪನಿಯ ಕುದುರೆ ಸವಾರರ ಜೊತೆ ಬಂದದ್ದು.

ಹೊಳಲ್ಕೆರೆಯವರೇ, ಟಿಪ್ಪು ವಿಷಯಕ್ಕೆ ಬರೋಣ. ಶ್ರೀರಂಗಪಟ್ಟಣದಲ್ಲಿ ಒಳ್ಳೆಯ ಚಕಮಕಿ ಬಂದೂಕು, ಪಿಸ್ತೂಲು ತಯಾರಾಗುತ್ತಿದ್ದವು, ನಿಜ. ಹುಲಿಯ ಮುಖ, ಹುಲಿಪಟ್ಟೆ ಅದರ ಲಕ್ಷಣ. ಇಸವಿಯನ್ನು ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಲೆಕ್ಕದಲ್ಲಿ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದ. 1799ರಲ್ಲಿ ಪಟ್ಟಣ ಬಿದ್ದಾಗ ಅವುಗಳಲ್ಲಿ ಬಹಳಷ್ಟು ಲೂಟಿಯಾಗಿ ಇಂಗ್ಲೆಂಡಿಗೆ ಹೋದವು. ಅಂಥದ್ದು ಅಟ್ಟದ ಮೇಲೆ ಸಿಗಲೇಬಾರದು ಎಂದಿಲ್ಲ. ಆದರೆ ಬಂದವರು ಪಿಸ್ತೂಲು ತಿರುಗಿಸಿ ಮುದ್ರೆ ಕೂಡ ನೋಡದೆ ಟಿಪ್ಪು ಎಂದಿದ್ದರೆ, ಅವರು ನೋಡಿದ್ದು ನಿಮ್ಮ ಮುಖವನ್ನು.

ಪಕ್ಕದ ತಟ್ಟೆ, ನಳಿಗೆಯ ಹಿಂಭಾಗ ಎರಡನ್ನೂ ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆದು ಕಳಿಸಿ. ಹೃದಯದಾಕಾರದ ಗುರುತಿನ ಒಳಗೆ ನಾಲ್ಕು ಇಂಗ್ಲಿಷ್ ಅಕ್ಷರ ಕಂಡರೆ ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಮುದ್ರೆ. 1808ರ ಹೊತ್ತಿಗೆ ಅದರ ಬದಲು ಹಿಂಗಾಲಲ್ಲಿ ನಿಂತ ಸಿಂಹ ಬಂತು. ನಳಿಗೆಯ ಮೇಲೆ ಕಿರೀಟ, ಅದರಡಿ ಅಕ್ಷರ ಇದ್ದರೆ ಅದು ನಳಿಗೆಯನ್ನು ಹೆಚ್ಚು ಮದ್ದು ಹಾಕಿ ಪರೀಕ್ಷೆ ಮಾಡಿದ ಮುದ್ರೆ. ಲಂಡನ್ನಿನಲ್ಲಿ ಈ ಪದ್ಧತಿ ಹಳೆಯದು, ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಮನೆ 1813ರದ್ದು.

ನಕಲಿಗೆ ನಾನು ಮೊದಲು ನೋಡುವುದು ತಿರುಪು. ಹಳೇ ತಿರುಪಿನ ತಲೆಯ ಸೀಳು ಕೈಯಲ್ಲಿ ಕೊರೆದದ್ದು, ಸಣ್ಣಗೆ, ಒಂದರಂತೆ ಇನ್ನೊಂದಿಲ್ಲ. ಅಂಗಡಿ ತಿರುಪು ಕಂಡರೆ ಅರ್ಧ ಕತೆ ಮುಗಿಯಿತು. ಆಮೇಲೆ ಅಕ್ಷರ. ಲಂಡನ್ ಎಂಬುದನ್ನೇ ತಪ್ಪಾಗಿ ಕೊರೆದದ್ದನ್ನು ನಾನು ಕೈಯಾರೆ ಹಿಡಿದಿದ್ದೇನೆ. ಅದಕ್ಕೆ ಅದರ ಮಾಲೀಕರು ಒಂದು ಎಕರೆ ಅಡಿಕೆಯ ದುಡ್ಡು ಕೊಟ್ಟಿದ್ದರು.

ಪ್ರಶ್ನೆ (ಹೊಸದುರ್ಗದ ಸದಸ್ಯರು): ಹಳೇದಕ್ಕೆ ಲೈಸೆನ್ಸ್ ಬೇಡ ಅಂತಾರಲ್ಲ? ಕೊಡಗಿನೋರು ಲೈಸೆನ್ಸ್ ಇಲ್ದೇ ಇಟ್ಕೊಂಡಿಲ್ವಾ?

ಉತ್ತರ: ಕೊಡವರಿಗೆ, ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಹಿಡುವಳಿದಾರರಿಗೆ ಇರುವುದು ಕೇಂದ್ರ ಸರ್ಕಾರ ಕೊಟ್ಟ ವಿಶೇಷ ವಿನಾಯಿತಿ. ಅದು ಹೊಸದುರ್ಗದವರೆಗೆ ಬರುವುದಿಲ್ಲ.

ಹಳೆಯದಕ್ಕೆ ಬೇಡ ಎನ್ನುವ ಮಾತು ಅರ್ಧ ನಿಜ, ಜನ ಸಿಕ್ಕಿಹಾಕಿಕೊಳ್ಳುವುದೂ ಅಲ್ಲೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಬಳಕೆ ತಪ್ಪಿದ ಮಾದರಿಯ, ಪುರಾತನ ಬೆಲೆಯುಳ್ಳ, ಕೆಟ್ಟುಹೋದ ಆಯುಧಗಳನ್ನು ಹೊರಗಿಡುತ್ತದೆ. ಆದರೆ ಅದೇ ವಾಕ್ಯದಲ್ಲಿ, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂಥದ್ದು ಎಂಬ ಷರತ್ತೂ ಇದೆ. ಕುದುರೆ ಟಕ್ಕೆಂದು ಬೀಳುವ ಪಿಸ್ತೂಲು ಈ ಷರತ್ತಿಗೆ ಸುಲಭಕ್ಕೆ ಒಗ್ಗುವುದಿಲ್ಲ. ಒಗ್ಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವವರು ನೀವೂ ಅಲ್ಲ, ನಾನೂ ಅಲ್ಲ, ಎರಡು ಲಕ್ಷದವರಂತೂ ಅಲ್ಲವೇ ಅಲ್ಲ.

ಹೊಳಲ್ಕೆರೆಯವರೇ, ಅಜ್ಜನ ಹಳೇ ಲೈಸೆನ್ಸ್ ಪುಸ್ತಕ ಇದೆಯೇ ಅಂತ ಕಾಗದಪತ್ರದಲ್ಲಿ ಹುಡುಕಿ. ಸಿಗಲಿ ಬಿಡಲಿ, ಠಾಣೆಗೆ ಬರಹದಲ್ಲಿ ತಿಳಿಸಿ. ಕೈಯಲ್ಲಿ ಹಿಡಿದುಕೊಂಡು ಬಸ್ ಹತ್ತಬೇಡಿ, ಅವರನ್ನೇ ಮನೆಗೆ ಕರೆಯಿರಿ. ಒಪ್ಪಿಸುವಾಗ ನಾಲ್ಕು ಕಡೆಯ ಫೋಟೊ, ಉದ್ದ, ಮುದ್ರೆಗಳ ವಿವರ ಬರೆದ ರಸೀದಿ ಕೇಳಿ. ಹಳೇ ಪಿಸ್ತೂಲು ಒಂದು ಎಂದಷ್ಟೇ ಬರೆದ ರಸೀದಿ ಬೇಡ. ಉಳಿಸಿಕೊಳ್ಳುವ ಆಸೆ ಇದ್ದರೆ ಪಿತ್ರಾರ್ಜಿತ ಎಂದು ಡಿಸಿ ಕಚೇರಿಗೆ ಅರ್ಜಿ ಹಾಕಿ. ಉಳಿಸಿಕೊಳ್ಳಲು ಮನಸ್ಸಿಲ್ಲದಿದ್ದರೆ ದುರ್ಗದ ರಂಗಯ್ಯನ ಬಾಗಿಲ ಮ್ಯೂಸಿಯಂ ಹತ್ತಿರವೇ ಇದೆ.

ಇನ್ನು ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ. ಅಂಥ ವಸ್ತುವಿನ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಎರಡು ಲಕ್ಷದವರಿಗೆ ಆ ಲೈಸೆನ್ಸ್ ತೋರಿಸಿ ಅನ್ನಿ. ಮತ್ತೆ ಬರುತ್ತಾರೋ ನೋಡೋಣ.

ಪ್ರಶ್ನೆ (ಹೊಳಲ್ಕೆರೆಯವರು, ಮಾರನೇ ದಿನ): ಸರ್, ಕಡ್ಡಿ ಬಿಟ್ಟು ಅಳೆದೆ. ತೂತಿಗಿಂತ ಒಂದೂವರೆ ಇಂಚು ಮುಂಚೆಯೇ ನಿಂತ್ಕೊಳ್ತು. ಮೂರು ಸಲ ನೋಡಿದೆ. ಕೈ ನಡುಗ್ತಾ ಐತೆ.

ಉತ್ತರ: ನಡುಗಲಿ, ಒಳ್ಳೆಯದೇ. ಇನ್ನು ಮುಟ್ಟಬೇಡಿ. ತಂತಿ, ಡ್ರಿಲ್, ಬಿಸಿನೀರು, ಬಿಸಿಲು ಯಾವುದೂ ಬೇಡ. ಬಾಯಿ ಗೋಡೆಗೆ ಇಟ್ಟು ಕೋಣೆಗೆ ಬೀಗ ಹಾಕಿ. ಈಗಲೇ ಠಾಣೆಗೆ ಫೋನ್ ಮಾಡಿ, ಒಳಗೆ ಈಡು ಇದೆ ಅನ್ನುವ ಮಾತನ್ನೇ ಮೊದಲು ಹೇಳಿ.

ಹೊಳಲ್ಕೆರೆಯವರು (ಹತ್ತು ದಿನದ ನಂತರ): ಸರ್, ತಿಳಿದವರು ಬಂದು ತೆಗೆದ್ರು. ನಾನೂ ದೂರದಲ್ಲಿ ನಿಂತು ನೋಡಿದೆ. ಮೇಲೆ ಒಂದು ಬಟ್ಟೆ ಚೂರು, ಕೆಳಗೆ ಗೋಲಿಯಷ್ಟು ಸೀಸದ ಗುಂಡು, ಅದರಡಿ ಕರ್ರಗೆ ಮದ್ದು. ಒಂಚೂರೂ ಹೆಪ್ಪುಗಟ್ಟಿರಲಿಲ್ಲ. ಪೆಟ್ಟಿಗೆ ಸಿಕ್ಕ ದಿನ ನಮ್ಮ ಮಗಳು ಅದನ್ನ ತಮ್ಮನ ಹಣೆಗೆ ಇಟ್ಟು ಫೋಟೊ ತೆಗೆಸ್ಕೊಂಡಿದ್ಲು. ಆ ಫೋಟೊ ಇನ್ನೂ ನನ್ನ ಫೋನಲ್ಲಿ ಐತೆ. ಪಿಸ್ತೂಲು ಠಾಣೆಯಲ್ಲಿದೆ, ನೀವು ಹೇಳಿದಂಗೆ ರಸೀದಿ ತಗೊಂಡಿದೀನಿ, ಡಿಸಿ ಕಚೇರಿಗೆ ಅರ್ಜಿ ಹಾಕಿದೀನಿ. ತಟ್ಟೆ ಮೇಲೆ ನಿಂತ ಸಿಂಹ ಇದೆ ಸರ್.

ಉತ್ತರ: ಹಾಗಾದರೆ ಅದು ಕಂಪನಿಯದು, 1808ರ ಈಚಿನದು. ಟಿಪ್ಪು ತೀರಿಕೊಂಡು ಎಷ್ಟೋ ವರ್ಷದ ಮೇಲೆ ತಯಾರಾದದ್ದು. ಠಾಣೆಯವರಿಗೆ ಒಂದು ಮಾತು ಹೇಳಿ, ಸೀಸದ ಗುಂಡನ್ನು ಆ ಮರದ ಪೆಟ್ಟಿಗೆಯಲ್ಲಿ ಇಡುವುದು ಬೇಡ. ಮರದ ಆವಿಗೆ ಸೀಸ ಬೆಳ್ಳಗೆ ಪುಡಿಯಾಗಿ ಉದುರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಯಾವ ಪಿಸ್ತೂಲಿನಿಂದ ತೆಗೆದದ್ದು ಅಂತ ಚೀಟಿ ಬರೆದಿಡಲಿ.