ಸೂರ್ಯನಿಲ್ಲದ ಮೂರು ದಿನ: ಯಹೂದಿ ತತ್ವಶಾಸ್ತ್ರದಲ್ಲಿ ಕಾಲ ಮತ್ತು ದ್ರವ್ಯ

ಪ್ರಶ್ನೆ:
ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಸೃಷ್ಟಿಕಥೆಯಲ್ಲಿ ಸೂರ್ಯ ಬರುವುದೇ ನಾಲ್ಕನೇ ದಿನ. ಮೊದಲ ಮೂರು ದಿನಗಳನ್ನು ಅಳೆದದ್ದು ಯಾವುದರಿಂದ? ಮೊದಲ ಅಧ್ಯಾಯದ 2ನೇ ವಚನದ ಕತ್ತಲೆ, ನೀರು ಸೃಷ್ಟಿಗೂ ಮುಂಚೆ ಇದ್ದವೇ? ಹಳೆಯ ಯಹೂದಿ ಚಿಂತಕರು ಇದನ್ನು ಹೇಗೆ ಬಿಡಿಸಿದರು?

ಉತ್ತರ 1:
ಅಲೆಕ್ಸಾಂಡ್ರಿಯಾದ ಯಹೂದಿ ತತ್ವಜ್ಞಾನಿ ಫಿಲೋನಿಂದ (ಕ್ರಿ.ಶ. 1ನೇ ಶತಮಾನ) ಶುರುಮಾಡಿ. ಅವನ ಪ್ರಕಾರ ಕಾಲವೆಂದರೆ ಜಗತ್ತಿನ ಚಲನೆಯ ಅಳತೆ. ಚಲಿಸುವ ವಸ್ತುವೇ ಇಲ್ಲದಾಗ ಚಲನೆಯಿಲ್ಲ. ಹಾಗಾಗಿ ಕಾಲ ಹುಟ್ಟಿದ್ದು ಜಗತ್ತಿನ ಜೊತೆಗೆ, ಇಲ್ಲವೇ ಆಮೇಲೆ. ಆರು ದಿನ ಎಂದರೆ ಅವನಿಗೆ ಕ್ರಮ, ಅವಧಿಯಲ್ಲ. ಆರೇ ಏಕೆಂದರೆ, ಅದನ್ನು ಭಾಗಿಸುವ 1, 2, 3ನ್ನು ಕೂಡಿದರೆ ಮತ್ತೆ 6. ಅದು ಮೊದಲ ಪರಿಪೂರ್ಣ ಸಂಖ್ಯೆ.

ಉತ್ತರ 2:
ದ್ರವ್ಯದ ವಿಷಯದಲ್ಲಿ ಒಮ್ಮತವೇ ಇರಲಿಲ್ಲ. ಗ್ರೀಕಿನಲ್ಲಿರುವ ಎರಡು ಹಳೆಯ ಯಹೂದಿ ಗ್ರಂಥಗಳನ್ನೇ ನೋಡಿ: ‘ಸೊಲೊಮೋನನ ಜ್ಞಾನಗ್ರಂಥ’ 11:17 ಜಗತ್ತು ಆಕಾರವಿಲ್ಲದ ದ್ರವ್ಯದಿಂದಾಯಿತು ಎನ್ನುತ್ತದೆ. 2 ಮಕ್ಕಬಿಯರು 7:28 ಇದ್ದ ವಸ್ತುಗಳಿಂದಲ್ಲ ಎನ್ನುತ್ತದೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ, ಆದಿಕಾಂಡಕ್ಕೆ ಯಹೂದಿ ಗುರುಗಳು ಬರೆದ ಹಳೆಯ ವ್ಯಾಖ್ಯಾನ ಬೆರೇಶಿತ್ ರಬ್ಬಾ 1:9ರಲ್ಲಿದೆ. ಒಬ್ಬ ತತ್ವಜ್ಞಾನಿ ಯಹೂದಿ ಗುರು ರಬ್ಬಾನ್ ಗಮಾಲಿಯೇಲರಿಗೆ, ‘ನಿಮ್ಮ ದೇವರು ದೊಡ್ಡ ಚಿತ್ರಕಾರನೇ ಸರಿ, ಆದರೆ ಒಳ್ಳೆಯ ಬಣ್ಣಗಳು ಅವನಿಗೆ ಸಿಕ್ಕಿದ್ದವು’ ಎಂದು ಕೆಣಕುತ್ತಾನೆ. ಗಮಾಲಿಯೇಲರು ಒಂದೊಂದು ‘ಬಣ್ಣ’ಕ್ಕೂ ವಚನ ತೋರಿಸಿ, ಅದೂ ಸೃಷ್ಟಿಯಾದದ್ದೇ ಎನ್ನುತ್ತಾರೆ: ಕತ್ತಲೆಗೆ ಯೆಶಾಯ 45:7, ಗಾಳಿಗೆ ಆಮೋಸ 4:13, ಆಳಸಾಗರಕ್ಕೆ ಜ್ಞಾನೋಕ್ತಿ 8:24.

ಒಂದು ಎಚ್ಚರಿಕೆ: ಇಲ್ಲಿ ದ್ರವ್ಯ ಎಂದಿರುವ ಗ್ರೀಕಿನ ‘ಹ್ಯೂಲೆ’ಗೆ ‘ಪ್ರಕೃತಿ’ ಎಂದು ಬರೆಯಬೇಡಿ. ಸಾಂಖ್ಯರ ಪ್ರಕೃತಿ ತಾನೇ ಪರಿಣಾಮ ಹೊಂದುತ್ತದೆ. ಹ್ಯೂಲೆ ಆಕಾರಕ್ಕಾಗಿ ಕಾಯುವ ಕಚ್ಚಾ ದ್ರವ್ಯ. ಈ ಒಂದು ಪದದಿಂದ ಇಡೀ ವಾದ ದಾರಿ ತಪ್ಪುತ್ತದೆ.

ಪ್ರಶ್ನೆ ಕೇಳಿದವರು:
ಕಾಲಕ್ಕೆ ಆರಂಭವಿದೆ ಎನ್ನಲು 10ನೇ ಶತಮಾನದ ಯಹೂದಿ ಚಿಂತಕ ಸಾದಿಯಾ ಗಾವೋನ್ ಕೊಡುವ ವಾದ ಏನು? ಅನಂತವನ್ನು ದಾಟಲಾಗದು ಎಂದರೆ, ಒಂದು ಮೈಲಿಯಲ್ಲೂ ಅನಂತ ಭಾಗಗಳಿವೆಯಲ್ಲ, ಅದನ್ನು ದಾಟುತ್ತೇವಲ್ಲ?

ಉತ್ತರ 3:
ಎಡವುವುದು ಅಲ್ಲೇ. ಸಾದಿಯಾರ 933ರ ಗ್ರಂಥ ‘ಎಮುನೋತ್ ವೆ-ದೇಓತ್’ನ (ನಂಬಿಕೆಗಳು ಮತ್ತು ಅಭಿಪ್ರಾಯಗಳು) ಮೊದಲ ಪ್ರಕರಣದಲ್ಲಿ ಸೃಷ್ಟಿಗೆ ನಾಲ್ಕು ಪ್ರಮಾಣಗಳಿವೆ, ಇದು ಕೊನೆಯದು. ಈಗಿನಿಂದ ಹಿಂದಕ್ಕೆ ಯೋಚಿಸುತ್ತಾ ಹೋಗಿ: ಕಾಲ ಅನಂತವಾದರೆ ಯೋಚನೆ ತುದಿ ಮುಟ್ಟದು. ಅದೇ ಕಾರಣಕ್ಕೆ ಅಸ್ತಿತ್ವವೂ ಅಷ್ಟು ದೂರ ಇಳಿದು ನಮ್ಮನ್ನು ತಲುಪಲಾರದು. ಆದರೆ ನಾವಿದ್ದೇವೆ. ಆದ್ದರಿಂದ ಕಳೆದ ಕಾಲ ಸೀಮಿತ. ನಿಮ್ಮ ಮೈಲಿಯ ಆಕ್ಷೇಪವನ್ನು ಅವರೇ ಎತ್ತಿ ಉತ್ತರಿಸುತ್ತಾರೆ: ಮೈಲಿಯ ಅನಂತ ವಿಭಜನೆ ಕಲ್ಪನೆಯಲ್ಲಿ ಮಾತ್ರ ನಡೆಯುತ್ತದೆ, ಕಾಲವೋ ನಿಜವಾಗಿ ಕಳೆದದ್ದು.

ಮೊದಲ ಮೂರು ದಿನಗಳ ಬಗ್ಗೆ, 12ನೇ ಶತಮಾನದ ಯಹೂದಿ ತತ್ವಜ್ಞಾನಿ ಮೈಮೊನಿಡೀಸರ ‘ಮೋರೆ ನೆವೂಖೀಮ್’ (ಗೊಂದಲಗೊಂಡವರಿಗೆ ಮಾರ್ಗದರ್ಶಿ) 2:30 ಓದಿ. ಸೂರ್ಯನೂ ಸೇರಿ ಎಲ್ಲವೂ ಒಟ್ಟಿಗೇ ಸೃಷ್ಟಿಯಾಗಿ ಆಮೇಲೆ ಬೇರ್ಪಟ್ಟಿತು ಎನ್ನುವುದಕ್ಕೆ ಅಲ್ಲಿ ಬರುವ ಹೋಲಿಕೆ ರೈತನದು: ಬಗೆಬಗೆಯ ಬೀಜಗಳನ್ನು ಒಂದೇ ಸಲ ಬಿತ್ತಿದರೂ ಕೆಲವು ಮರುದಿನ, ಕೆಲವು ಎರಡು ದಿನಕ್ಕೆ, ಕೆಲವು ಮೂರು ದಿನಕ್ಕೆ ಮೊಳೆಯುತ್ತವೆ.